ಕಂತಿನಲ್ಲಿ ಕತೆ ಹೇಳುವ ಡಾಕ್ಟರಮ್ಮ

ಲಷ್ಕರ್ ಮೊಹಲ್ಲಾದ ನಮ್ಮ ಡಾಕ್ಟರ್ ಶಾಂಭವಿಯವರು ಗಂಟಲು ಸರಿಮಾಡಿಕೊಂಡರೆ ಸಾಕು, ಬೀದಿಯ ಕುಕ್ಕರುಗಳೆಲ್ಲ ಸೀಟಿ ತಡೆದುಕೊಂಡು ಕಿವಿಗೊಡುತ್ತವೆ ಎಂದು ಪ್ರತೀತಿ. ಕ್ಷಯದವರಿಗೆ ವಾರದ ಮಾತ್ರೆ ಕೊಡುವಾಗ ಅವರು ಒಂದು ಕಂತು ಕತೆಯನ್ನೂ ಕೊಡುತ್ತಾರೆ: ಶ್ವಾಸಕೋಶವೆಂಬ ಊರಿಗೆ ಕಳ್ಳರು ನುಗ್ಗಿದ್ದಾರೆ, ಮಾತ್ರೆಗಳೇ ಪೊಲೀಸರು. ಕಳ್ಳರ ನಾಯಕ ಇನ್ನೇನು ಸಿಕ್ಕಿಬೀಳಬೇಕು, "ಮಿಕ್ಕಿದ್ದು ಮುಂದಿನ ವಾರ" ಎಂದು ಎದ್ದುಬಿಡುತ್ತಾರೆ. ಬರೀ ನೆಗಡಿಯವರು ತಮಗೂ ಕತೆ ಬೇಕೆಂದು ಮುನಿಸಿಕೊಂಡದ್ದುಂಟು. ಹಿನಕಲ್‌ನಿಂದ ಬರುವ ಆಟೋ ಜವರಪ್ಪನವರು ಎರಡೇ ತಿಂಗಳಿಗೆ, "ಕೆಮ್ಮು ನಿಂತೋಯ್ತು, ಮಾತ್ರೆ ಸಾಕು ಬುಡಿ ಡಾಕ್ಟ್ರಮ್ಮ" ಎಂದಿದ್ದರು. "ಕಳ್ಳರು ಓಡಿಹೋಗಿಲ್ಲ ಕಣ್ರೀ, ಅಟ್ಟದಲ್ಲಿ ಅಡಗಿ ಕೂತಿದ್ದಾರೆ. ಈಗ ಪೊಲೀಸ್ರು ಹೊರಟುಹೋದ್ರೆ ಇಳಿದು ಬರ್ತಾರೆ, ಆಮೇಲೆ ಈ ಲಾಠಿಗೆ ಬಗ್ಗಲ್ಲ" ಎಂದರು ಇವರು. ಅಟ್ಟದ ಚಿಂತೆ ಹತ್ತಿದ ಜವರಪ್ಪನವರು ಆರು ತಿಂಗಳೂ ಮಾತ್ರೆ ತಪ್ಪಿಸಲಿಲ್ಲ. ಡಾಕ್ಟರಮ್ಮನ ಕೈಗೆ ಸಿಕ್ಕ ಯಾರೂ ಮಾತ್ರೆ ಅರ್ಧಕ್ಕೆ ಬಿಟ್ಟಿಲ್ಲವೆಂದು ನಾವು ಮೀಸೆ ತಿರುವುವುದು ಸುಮ್ಮನೆ ಅಲ್ಲ. ಪೂರ್ತಿ ಗುಣವಾದ ಮೇಲೂ ಜವರಪ್ಪನವರು ಬಂದು ಕೂತರು: "ಆ ನಾಯಕ ಕೊನೇಗೆ ಎಂಗೆ ಸಿಕ್ಕಾಕ್ಕೊಂಡ ಅಂತ ಹೇಳ್ಳೇ ಇಲ್ವಲ್ಲವ್ವ?" ಡಾಕ್ಟರಮ್ಮ ಕನ್ನಡಕ ಒರೆಸಿಕೊಂಡರು. "ನಂಗೂ ಗೊತ್ತಿಲ್ಲ ಜವರಪ್ಪ. ನಿಮ್ಮ ಮಾತ್ರೆ ಮುಗಿಯೋವರೆಗೂ ಕತೆ ಎಳೀಬೇಕಿತ್ತು, ಎಳ್ದೆ."