ಕರೆಂಟಕ್ಕ ಬರೆಯದೆ ಬಿಟ್ಟ ಅಂಕಿ

ಗೋಡೆಗೆ ಹಾಕಿಸಿದ ಕಾರ್ ಚಾರ್ಜರ್‌ನಲ್ಲಿ ಹಸಿರು ದೀಪ ಬಂದ ಮಾತ್ರಕ್ಕೆ ಆ ಮನೆಗೆ ಅರ್ಥಿಂಗ್ ಇದ್ದೇ ಇದೆ ಎಂದೇನಲ್ಲ. ಒಂದು ಗೇಣು ವೈರ್ ಇದ್ದರೆ ಆ ದೀಪವನ್ನು ಯಾಮಾರಿಸಬಹುದು. ವೈರಿಂಗ್ ಕೆಲಸದವರಿಗೆಲ್ಲ ಇದು ಗೊತ್ತು. ಚಾರ್ಜರ್ ಮಾರುವ ಅಂಗಡಿಯವರಿಗೂ ಗೊತ್ತು. ಗೊತ್ತಿಲ್ಲದವರು ಕಾರು ಕೊಂಡ ನೀವು ಮಾತ್ರ. ಕಾರಿನ ಬಣ್ಣ ಆರಿಸಲು ಮೂರು ಭಾನುವಾರ ಕಳೆದಿರಿ. ಅದರ ಮೈಗೆ ಕರೆಂಟ್ ಬಂದರೆ ಎಲ್ಲಿಗೆ ಹೋಗುತ್ತದೆ ಎಂದು ಕೇಳಲು ಮೂರು ನಿಮಿಷ ಸಿಗಲಿಲ್ಲ.

ನಮ್ಮ ಬೀದಿಗಳಲ್ಲಿ ಅದನ್ನು ಕೇಳುತ್ತಿದ್ದವಳು ಒಬ್ಬಳಿದ್ದಳು. ಜನ ಆಕೆಯನ್ನು ಕರೆಂಟಕ್ಕ ಎನ್ನುತ್ತಾರೆ. ವಯಸ್ಸು ಐವತ್ತೆರಡು. ಹದಿನೇಳನೇ ವಯಸ್ಸಿಗೆ ಮೋಟಾರ್ ರಿಪೇರಿ ಅಂಗಡಿಯಲ್ಲಿ ಕಾಯಿಲ್ ಸುತ್ತಲು ಕೂತವಳು ಹದಿನಾಲ್ಕು ವರ್ಷ ಅದನ್ನೇ ಮಾಡಿದಳು. ಆಮೇಲೆ ವೈರಿಂಗ್ ಪರ್ಮಿಟ್ ಪರೀಕ್ಷೆಗೆ ಕೂತಳು. ಬರೆದದ್ದರಲ್ಲಿ ಪಾಸು. ಬಾಯಿ ಪರೀಕ್ಷೆಯಲ್ಲಿ ಪರೀಕ್ಷಕರು ಕೇಳಿದ್ದು ಒಂದೇ ಪ್ರಶ್ನೆ.

"ಏಣಿ ಹತ್ತೋಕೆ ಬರುತ್ತೇನಮ್ಮ?"

"ಬರುತ್ತೆ ಸಾರ್, ಇಳಿಯೋಕೂ ಬರುತ್ತೆ. ನಿಮ್ಮ ತಲೆ ಮೇಲಿನ ಫ್ಯಾನ್ ಕೊಕ್ಕೆ ಸಡಿಲ ಆಗಿದೆ. ಏಣಿ ತರಿಸಿದ್ರೆ ಈಗಲೇ ತೋರಿಸ್ತೀನಿ."

ಆ ವರ್ಷ ಫೇಲು. ಮರುವರ್ಷ ಪರೀಕ್ಷಕರು ಬದಲಾಗಿದ್ದರು, ಪರ್ಮಿಟ್ ಸಿಕ್ಕಿತು.

ಆಕೆಯ ಕೆಲಸಕ್ಕೆ ಒಂದು ಪದ್ಧತಿ ಇತ್ತು. ತರಕಾರಿ ಚೀಲದಲ್ಲಿ ಅರ್ಥ್ ಅಳೆಯುವ ಮೀಟರು, ನೆಲಕ್ಕೆ ಚುಚ್ಚುವ ಸಣ್ಣ ಸರಳುಗಳು, ವೈರ್ ಸುರುಳಿ. ಚಾರ್ಜರ್ ಹಾಕುವ ಮುಂಚೆ ಮನೆಯವರ ಹತ್ತಿರ ಗುಂಡಿ ತೋಡಿಸುತ್ತಿದ್ದಳು. ಆಳುದ್ದದ ಗುಂಡಿ, ಒಳಗೆ ತಾಮ್ರ ಲೇಪಿಸಿದ ಸರಳು. ಕರೆಂಟ್ ಎಲ್ಲಾದರೂ ಸೋರಿ ಕಾರಿನ ಮೈಗೆ ಬಂದರೆ ಮನುಷ್ಯನನ್ನು ಹುಡುಕಿಕೊಂಡು ಹೋಗದೆ ಸೀದಾ ಮಣ್ಣಿಗೆ ಇಳಿಯಲು ಇರುವ ದಾರಿ ಅದು. ಗುಂಡಿ ಮುಚ್ಚಿದ ಮೇಲೆ ಆ ದಾರಿ ಎಷ್ಟು ಸಲೀಸಾಗಿದೆ ಎಂದು ಅಳೆಯುತ್ತಿದ್ದಳು. ಅಳೆದ ಅಂಕಿಯನ್ನು ತಾನು ಓದುತ್ತಿರಲಿಲ್ಲ, ಮನೆಯವರ ಕೈಲೇ ಜೋರಾಗಿ ಓದಿಸುತ್ತಿದ್ದಳು. ಆಮೇಲೆ ಬೋರ್ಡಿನ ಮುಚ್ಚಳದ ಒಳಬದಿಗೆ ಮಾರ್ಕರ್‌ನಲ್ಲಿ ಆ ಅಂಕಿ, ತಾರೀಖು, ತನ್ನ ಪರ್ಮಿಟ್ ನಂಬರ್.

ಒಬ್ಬ ಮೇಷ್ಟ್ರು ಮೀಟರ್ ನೋಡಿ, "ಎರಡೇ ಬಂತಲ್ಲ, ಸಾಕೇನಮ್ಮ? ಇನ್ನೂ ಜಾಸ್ತಿ ಬರಬೇಕಿತ್ತಾ?" ಎಂದಿದ್ದರು.

"ಮೇಷ್ಟ್ರೇ, ಇದು ಮಾರ್ಕ್ಸ್ ಅಲ್ಲ, ಶುಗರ್ ಇದ್ದಂಗೆ. ಇಳಿದಷ್ಟೂ ನೆಮ್ಮದಿ."

ಒಟ್ಟು ನಲವತ್ತೊಂದು ಮನೆಗೆ ಚಾರ್ಜರ್ ಹಾಕಿದ್ದಾಳೆ. ನಲವತ್ತು ಮುಚ್ಚಳಗಳ ಮೇಲೆ ಅಂಕಿ ಇದೆ. ಉಳಿದದ್ದು ಆಕೆಯ ತಮ್ಮನ ಮನೆ.

ತಮ್ಮ ಡ್ರೈವರು. ಡಯಾಲಿಸಿಸ್ ಮಾಡಿಸಿಕೊಳ್ಳುವವರನ್ನು ದಿನ ಬಿಟ್ಟು ದಿನ ಆಸ್ಪತ್ರೆಗೆ ಕರೆದುಕೊಂಡು ಹೋಗಿ ವಾಪಸ್ ಬಿಡುತ್ತಾನೆ. ಹೆಂಡತಿ ಮನೆಯಲ್ಲೇ ಬಟ್ಟೆ ಹೊಲಿಯುತ್ತಾಳೆ. ಇರುವುದು ಬಾಡಿಗೆ ಮನೆ. ಕೆಳಗೆ ಇವರ ಎರಡು ಕೋಣೆ, ಮೇಲೆ ಓನರ್, ಮುಂದೆ ಒಂದು ಕಾರು ನಿಲ್ಲುವಷ್ಟು ಅಂಗಳ. ಹಳೆಯ ಕಾರು ಕೊಟ್ಟು ಕರೆಂಟಿನ ಕಾರು ತಂದಾಗ, ಚಾರ್ಜರ್ ಹಾಕಿಕೊಡಲು ಅಕ್ಕ ಬಂದಳು.

ಎಲ್ಲವನ್ನೂ ನಿಯಮದ ಪ್ರಕಾರವೇ ಮಾಡಿದಳು. ಮೀಟರಿನಿಂದಲೇ ಬೇರೆ ಲೈನ್ ಎಳೆದಳು, ದಪ್ಪ ತಾಮ್ರದ ವೈರ್ ಹಾಕಿದಳು, ಅದಕ್ಕೇ ಪ್ರತ್ಯೇಕ ಬ್ರೇಕರ್ ಕೂಡಿಸಿದಳು. ಒಂದಿಷ್ಟು ಸೋರಿದರೂ ತಕ್ಷಣ ಕಟ್ ಮಾಡುವ ಇನ್ನೊಂದು ಬ್ರೇಕರ್ ಬೇರೆ. ಮನೆಯ ಹಳೆಯ ಅರ್ಥ್ ವೈರ್ ಹೇಗಿದೆ ನೋಡೋಣ ಎಂದು ಎಳೆದರೆ ಅದು ಪೂರ್ತಿ ಕೈಗೇ ಬಂತು. ಇನ್ನೊಂದು ತುದಿಯನ್ನು ಯಾವತ್ತೂ ಯಾವುದಕ್ಕೂ ಕಟ್ಟಿರಲೇ ಇಲ್ಲ.

ಮೇಲೆ ಹೋಗಿ ಓನರನ್ನು ಕೇಳಿದಳು. ಅಂಗಳದ ಮೂಲೆಯಲ್ಲಿ ಒಂದು ಗುಂಡಿ ಬೇಕು ಸಾರ್.

"ಟೈಲ್ಸ್ ಹಾಕಿಸಿ ಮೂರು ತಿಂಗಳೂ ಆಗಿಲ್ಲಮ್ಮ."

"ಎರಡು ಟೈಲ್ಸ್ ತೆಗೀತೀನಿ. ನಾನೇ ಕೂರಿಸಿ ಕೊಡ್ತೀನಿ."

"ಅದೇ ಬಣ್ಣ ಸಿಗಬೇಕಲ್ಲ. ನೋಡೋಣ. ಈ ವಾರ ಕಳೀಲಿ."

ಕೆಳಗೆ ಚಾರ್ಜರ್ ಕೆಂಪು ದೀಪ ಉರಿಸಿಕೊಂಡು ಕೂತಿತ್ತು. ಅರ್ಥ್ ಕಾಣದೆ ಕಾರಿಗೆ ಕರೆಂಟ್ ಕೊಡಬಾರದು ಎಂದೇ ಅದನ್ನು ಮಾಡಿರುವುದು. ಯಂತ್ರ ತನ್ನ ಕೆಲಸವನ್ನು ನಿಯತ್ತಾಗಿ ಮಾಡುತ್ತಿತ್ತು.

"ಅಕ್ಕ, ನಾಳೆ ಬೆಳಿಗ್ಗೆ ಮೂರು ಜನ ಕಾಯ್ತಿರ್ತಾರೆ," ಎಂದ ತಮ್ಮ. "ಆ ಅಜ್ಜಿಗೆ ಒಂದು ದಿನ ತಪ್ಪಿದ್ರೆ ಉಸಿರು ಎಳ್ಕೊಳ್ಳೋಕೆ ಆಗಲ್ಲ."

"ಹೊರಗೆ ಚಾರ್ಜ್ ಮಾಡಿಸ್ಕೊಂಡು ಬಾ."

"ಎರಡು ಗಂಟೆ ಕ್ಯೂ ಅಲ್ಲಿ. ಇದನ್ನ ಹಸಿರು ಮಾಡೋ ದಾರಿ ಇದೆಯಂತಲ್ಲ, ಅಂಗಡಿಯವನು ಹೇಳ್ದ."

"ಅವನಿಗೇನು, ಹೇಳ್ತಾನೆ."

"ಊರಿಗೆಲ್ಲ ಕರೆಂಟಕ್ಕ. ತಮ್ಮನಿಗೆ ಮಾತ್ರ ಕಾನೂನಕ್ಕ."

ಈ ಮಾತು ಆಕೆಗೆ ನಾಟಿತು. ಬೋರ್ಡಿನ ಮುಚ್ಚಳ ಬಿಚ್ಚಿದಳು. ಆಮೇಲೆ ಒಂದು ಗೇಣು ಹಸಿರು ವೈರ್ ಕತ್ತರಿಸಿ, ಚಾರ್ಜರಿನ ಅರ್ಥ್ ವೈರನ್ನು ಮನೆಗೆ ಬರುವ ನ್ಯೂಟ್ರಲ್‌ಗೆ ಸೇರಿಸಿದಳು. ನ್ಯೂಟ್ರಲ್ ಎಂದರೆ ಮನೆಯಲ್ಲಿ ಕೆಲಸ ಮುಗಿಸಿದ ಕರೆಂಟ್ ಕಂಬಕ್ಕೆ ವಾಪಸ್ ಹೋಗುವ ವೈರ್. ಅದು ಗಟ್ಟಿಯಾಗಿರುವ ತನಕ ಚಾರ್ಜರಿಗೆ ಅದೇ ಭೂಮಿಯ ಹಾಗೆ ಕಾಣುತ್ತದೆ. ಸೋರಿಕೆ ಹಿಡಿಯುವ ಬ್ರೇಕರ್ ಸುಮ್ಮನೆ ಬೀಳದಿರಲಿ ಎಂದು ಈ ತುಂಡನ್ನು ಅದಕ್ಕಿಂತ ಹಿಂದೆ, ಮೀಟರಿನ ಕಡೆಗೆ ಕಟ್ಟಿದಳು. ಹಾಗೆ ಕಟ್ಟಿದರೆ ಆ ತುಂಡಿನಲ್ಲಿ ಏನು ಹರಿದರೂ ಬ್ರೇಕರಿಗೆ ತಿಳಿಯುವುದಿಲ್ಲ. ಕಲಿತ ಕೈ ತಪ್ಪನ್ನೂ ಅಚ್ಚುಕಟ್ಟಾಗಿ ಮಾಡುತ್ತದೆ.

"ನಾಲ್ಕೇ ದಿನ," ಎಂದಳು. "ಅಷ್ಟರಲ್ಲಿ ಗುಂಡಿ ಆಗಬೇಕು. ಒದ್ದೆ ಕೈಲಿ ಕಾರು ಮುಟ್ಟಬೇಡಿ."

"ಆಯ್ತಕ್ಕ," ಎಂದ ತಮ್ಮ. ದೀಪ ಹಸಿರಾಯಿತು. ಆಕೆ ಮಾರ್ಕರ್ ತೆಗೆಯಲಿಲ್ಲ. ಅಳೆಯಲು ಅಲ್ಲಿ ಏನೂ ಇರಲಿಲ್ಲ.

ನಾಲ್ಕು ದಿನ ಹೋಗಿ ಇಪ್ಪತ್ತಾರು ದಿನವಾಯಿತು. ಅಷ್ಟರಲ್ಲಿ ಏಳು ಸಲ ಆಕೆ ಓನರ ಮೆಟ್ಟಿಲು ಹತ್ತಿದಳು. ಒಮ್ಮೆ ಮನೆಗೆ ನೆಂಟರು, ಇನ್ನೊಮ್ಮೆ ಮಂಡಿನೋವು, ಮತ್ತೊಮ್ಮೆ ಟೈಲ್ಸ್ ಅಂಗಡಿಯವನು ಊರಲ್ಲಿಲ್ಲ. ಪ್ರತಿ ಸಲವೂ ನೋಡೋಣ. ತಮ್ಮ ಒಂದು ಸಲವೂ ಮೇಲೆ ಹೋಗಲಿಲ್ಲ. ಯಾಕೆ ಹೋಗಬೇಕು? ಅವನ ಕಾರು ದಿನವೂ ಚಾರ್ಜ್ ಆಗುತ್ತಿತ್ತು. ಇದನ್ನು ನನಗೆ ಹೇಳುವಾಗ ಕರೆಂಟಕ್ಕ ತಲೆ ಎತ್ತಲಿಲ್ಲ. "ಕೆಂಪಗೇ ಬಿಡಬೇಕಿತ್ತು. ಕೆಂಪಗಿದ್ದಿದ್ರೆ ನನ್ನ ತಮ್ಮ ಓನರ್ ತಲೆ ತಿಂದುಬಿಡ್ತಿದ್ದ. ಮೂರನೇ ದಿನಕ್ಕೆ ಗುಂಡಿ ಆಗ್ತಿತ್ತು. ಜಗಳ ಆಗಬೇಕಾದ ಕಡೆ ನಾನು ದೀಪ ಹಚ್ಚಿದೆ."

ಇಪ್ಪತ್ತೇಳನೇ ದಿನ, ಬೆಳಿಗ್ಗೆ ಹನ್ನೊಂದರ ಹೊತ್ತು. ಟ್ರಿಪ್ ಮುಗಿಸಿ ಬಂದ ತಮ್ಮ ಕಾರನ್ನು ಚಾರ್ಜಿಗೆ ಹಾಕಿ ಒಳಗೆ ಮಲಗಿದ್ದ. ಅವನ ಹೆಂಡತಿ ಹೊಲಿದ ಬಟ್ಟೆಗೆ ಇಸ್ತ್ರಿ ಹಾಕುತ್ತಿದ್ದಳು. ಫ್ಯಾನ್ ನಿಂತಿತು, ಇಸ್ತ್ರಿಪೆಟ್ಟಿಗೆಯ ದೀಪ ಆರಿತು. ಕರೆಂಟ್ ಹೋಯಿತು ಅಂದುಕೊಂಡಳು. ಕರೆಂಟ್ ಹೋಗಿರಲಿಲ್ಲ. ಕಂಬದ ಮೇಲೆ ನ್ಯೂಟ್ರಲ್ ಜಾಯಿಂಟ್ ಕಳಚಿತ್ತು, ಅಷ್ಟೆ. ಮನೆಗೆ ಬರುವ ದಾರಿ ಹಾಗೇ ಇತ್ತು, ವಾಪಸ್ ಹೋಗುವ ದಾರಿ ಇರಲಿಲ್ಲ. ಇಸ್ತ್ರಿಪೆಟ್ಟಿಗೆಯೊಳಗೆ ಹೊಕ್ಕ ಕರೆಂಟ್ ಆ ಒಂದು ಗೇಣು ವೈರ್ ಹಿಡಿದು ಕಾರಿನ ಮೈಗೆ ಬಂದು ಕಾಯುತ್ತಿತ್ತು.

ಕರೆಂಟ್ ಇಲ್ಲವಲ್ಲ, ಅಷ್ಟರಲ್ಲಿ ಸೀಟಿನ ಕವರ್ ನೆನೆಹಾಕೋಣ ಎಂದು ಅಂಗಳಕ್ಕೆ ಹೋದಳು. ಬಕೆಟ್ಟಿಗೆ ನೀರು ಹಿಡಿದಳು. ಬರಿಗಾಲು, ನೆಲ ಒದ್ದೆ. ಹಿಂದಿನ ಬಾಗಿಲು ತೆಗೆದು ಒಳಗಿನ ಕಬ್ಬಿಣದ ಕೊಂಡಿಯ ಮೇಲೆ ಬಲಗೈ ಊರಿದಳು.

ಹಿಂದಕ್ಕೆ ಬಿದ್ದಳು. ಕೈ ಬಿಟ್ಟುಕೊಂಡಿತು. ಅಂಟಿಕೊಂಡಿದ್ದರೆ ಇವತ್ತು ನಾನು ಬರೆಯುತ್ತಿದ್ದುದೇ ಬೇರೆ. ಬಕೆಟ್ ಉರುಳಿದ ಸದ್ದಿಗೆ ಎದ್ದು ಬಂದ ಗಂಡ ಪಕ್ಕದ ಮನೆಯವರ ಗಾಡಿಯಲ್ಲಿ ಆಸ್ಪತ್ರೆಗೆ ಹೊತ್ತೊಯ್ದ. ಎದೆಬಡಿತ ಸರಿಹೋಗಲು ಎರಡು ದಿನ ಬೇಕಾಯಿತು. ಅಂಗೈ ಸುಟ್ಟಿತ್ತು. ಕತ್ತರಿ ಹಿಡಿಯುವ ಆ ಕೈಯ ಎರಡು ಬೆರಳು ಇವತ್ತಿಗೂ ಮಡಚುವುದಿಲ್ಲ.

ತಮ್ಮ ದಾರಿಯಿಂದಲೇ ಫೋನ್ ಮಾಡಿದ್ದ. ಕರೆಂಟಕ್ಕ ಮೊದಲು ಮನೆಗೆ ಬಂದು, ಯಾರೂ ಅಂಗಳಕ್ಕೆ ಇಳಿಯದ ಹಾಗೆ ನೋಡಿಕೊಂಡು ಮೇನ್ ಆಫ್ ಮಾಡಿದಳು. ಬೋರ್ಡ್ ತೆರೆದಳು. ಬೋರ್ಡಿನ ಹತ್ತಿರ ನೋಡುವವರು ಯಾರೂ ಇರಲಿಲ್ಲ. ಆ ತುಂಡನ್ನು ಕತ್ತರಿಸಿ ಚೀಲಕ್ಕೆ ಹಾಕಿಕೊಳ್ಳಲು ಅರ್ಧ ನಿಮಿಷ ಸಾಕಿತ್ತು. ಆಕೆ ಮುಚ್ಚಳ ಹಾಕಿ, "ತನಿಖೆ ಆಗುವ ತನಕ ಯಾರೂ ಮುಟ್ಟಬಾರದು" ಎಂದು ಚೀಟಿ ಅಂಟಿಸಿ ಆಸ್ಪತ್ರೆಗೆ ಹೋದಳು.

ತಮ್ಮನ ಹೆಂಡತಿಗೆ ಮರುದಿನ ಮಾತು ಬಂತು. ಮೊದಲು ಕೇಳಿದ್ದು ಇದು.

"ಅತ್ತಿಗೆ, ಎಲ್ಲರ ಮನೇಲೂ ಮುಚ್ಚಳದ ಮೇಲೆ ಬರೀತೀರಂತೆ. ನಮ್ಮನೇಲಿ ಯಾಕೆ ಬರೀಲಿಲ್ಲ?"

ಕರೆಂಟಕ್ಕ ಹೇಳಿದಳು. ಏನು ಮಾಡಿದೆ, ಎಲ್ಲಿ ಕಟ್ಟಿದೆ, ಯಾಕೆ ಕಟ್ಟಿದೆ, ಒಂದನ್ನೂ ಬಿಡಲಿಲ್ಲ. ತಮ್ಮನ ಹೆಂಡತಿ ಕೇಳಿ ಗೋಡೆ ಕಡೆ ತಿರುಗಿಕೊಂಡಳು. ಆ ಕಡೆಯಿಂದಲೇ ಕೇಳಿದಳು.

"ಇನ್ನೂ ಎಷ್ಟು ಮನೇಲಿ ಹೀಗೆ ಮಾಡಿದೀರಾ?"

"ಎಲ್ಲೂ ಇಲ್ಲ. ನಿಮ್ಮದೊಂದೇ."

"ನಮ್ಮದೊಂದೇ," ಎಂದಳು ಆಕೆ.

ಮೂರನೇ ದಿನ ತನಿಖೆಗೆ ವಿದ್ಯುತ್ ಇಲಾಖೆಯ ಇನ್ಸ್‌ಪೆಕ್ಟರ್ ಬಂದರು. ಹತ್ತು ವರ್ಷದ ಪರಿಚಯ. ಬೋರ್ಡ್ ತೆರೆದು ನೋಡಿದರು, ಕರೆಂಟಕ್ಕನ ಮುಖ ನೋಡಿದರು, ಪೆನ್ನಿನ ಕ್ಯಾಪ್ ಹಾಕಿದರು.

"ಅಕ್ಕ, ಹಳೇ ಮನೆ. ಯಾರೋ ಯಾವಾಗಲೋ ಮಾಡಿದ್ದು ಅಂತ ಬರೀತೀನಿ. ಯಾರೂ ಕೇಳಲ್ಲ."

"ಅದಕ್ಕೇ ಬೇಡ. ಯಾರೋ ಅಂತ ಬರೆದ್ರೆ ನಾಳೆ ಇನ್ನೊಬ್ಬ ಕಟ್ತಾನೆ. ಕಲಿತವಳು ಕಟ್ಟಿದ್ದು ಅಂತ ಬರೀರಿ. ನನ್ನ ಪರ್ಮಿಟ್ ನಂಬರ್ ಹಾಕಿ."

"ಪರ್ಮಿಟ್ ಹೋಗುತ್ತೆ."

"ಗೊತ್ತು. ಗುಂಡಿ ತೋಡಿಸಿ ಅಂತ ಓನರನ್ನ ಏಳು ಸಲ ಕೇಳಿದ್ದೆ. ಅದನ್ನೂ ಬರೀರಿ."

ಇನ್ಸ್‌ಪೆಕ್ಟರ್ ಫಾರಂ ಹಿಂದೆ ಮುಂದೆ ತಿರುಗಿಸಿದರು. "ಅದನ್ನ ಬರೆಯೋಕೆ ಇದರಲ್ಲಿ ಜಾಗ ಇಲ್ಲ ಅಕ್ಕ."

ಜಾಗ ಇಲ್ಲ. ವೈರ್ ಕಟ್ಟಿದವಳ ಹೆಸರಿಗೆ ಖಾನೆ ಇದೆ, ಪರ್ಮಿಟ್ ನಂಬರಿಗೆ ಇದೆ, ವೈರಿನ ದಪ್ಪಕ್ಕೂ ಇದೆ. ಇಪ್ಪತ್ತಾರು ದಿನ ನೋಡೋಣ ಎಂದವನಿಗೆ ಒಂದು ಗೆರೆಯೂ ಇಲ್ಲ. ನಾನು ಹೋಗಿ ಓನರನ್ನು ಕೇಳಿದೆ. "ಬೇಡ ಅಂತ ನಾನು ಒಂದು ಸಲನಾದ್ರೂ ಅಂದಿದೀನಾ ಕೇಳಿ" ಎಂದರು. ನಿಜ, ಅಂದಿಲ್ಲ. ಬೇಡ ಎಂದಿದ್ದರೆ ತಮ್ಮ ಬೇರೆ ಮನೆ ನೋಡುತ್ತಿದ್ದ.

ತನಿಖೆಯ ಮರುವಾರ ಅದೇ ಅಂಗಳದಲ್ಲಿ ಗುಂಡಿ ಆಯಿತು. ಬೆಳಿಗ್ಗೆ ಒಂಬತ್ತಕ್ಕೆ ಶುರು, ಊಟದ ಹೊತ್ತಿಗೆ ಮುಗಿಯಿತು. ಎರಡು ಟೈಲ್ಸ್ ತೆಗೆದರು. ಎರಡೂ ಒಡೆಯದೆ ಎದ್ದವು, ಅವನ್ನೇ ವಾಪಸ್ ಕೂರಿಸಿದರು. ಎಲ್ಲಿ ತೋಡಿದ್ದು ಎಂದು ಈಗ ಹುಡುಕಬೇಕು.

ಕರೆಂಟಕ್ಕನ ಪರ್ಮಿಟ್ ಎರಡು ವರ್ಷ ಅಮಾನತಾಗಿದೆ. ಆಕೆ ಹಳೆಯ ಮೋಟಾರ್ ಅಂಗಡಿಯಲ್ಲೇ ಮತ್ತೆ ಕಾಯಿಲ್ ಸುತ್ತುತ್ತಿದ್ದಾಳೆ. ಯಾರಾದರೂ ಕೆಲಸಕ್ಕೆ ಕರೆದರೆ, "ಪರ್ಮಿಟ್ ಇರೋರನ್ನ ಕರ್ಕೊಳ್ಳಿ. ಅಂಕಿ ಮಾತ್ರ ನೀವೇ ಓದಿ" ಅನ್ನುತ್ತಾಳೆ. ತಮ್ಮ ಒಮ್ಮೆ ಎಲ್ಲರ ಮುಂದೆ, "ನೀನು ಸುಮ್ನಿದ್ದಿದ್ರೆ ಪರ್ಮಿಟ್ಟಾದ್ರೂ ಉಳೀತಿತ್ತು" ಎಂದ. ಅವನ ಹೆಂಡತಿ ಅಲ್ಲೇ ಎಡಗೈಯಲ್ಲಿ ಸೂಜಿಗೆ ದಾರ ಪೋಣಿಸುವುದನ್ನು ಕಲಿಯುತ್ತಿದ್ದಳು. "ಬೆರಳು ನಂದು. ನೀವು ಸುಮ್ನಿರಿ" ಎಂದಳು. ಅತ್ತಿಗೆಯನ್ನು ಆಕೆ ಕ್ಷಮಿಸಿದ್ದಾಳೋ ಇಲ್ಲವೋ ನನಗೆ ತಿಳಿಯದು. ಕೇಳುವ ಧೈರ್ಯವೂ ಆಗಲಿಲ್ಲ.

ಕರೆಂಟಕ್ಕನದು ತಪ್ಪಿಲ್ಲ ಎಂದು ನಾನು ಹೇಳುತ್ತಿಲ್ಲ. ಹಾಗೆನ್ನಲು ಆಕೆಯೇ ಬಿಡುವುದಿಲ್ಲ. ಆದರೆ ಆ ತಪ್ಪಿಗೆ ಪಾಲುದಾರರಿದ್ದರು, ಅವರಲ್ಲಿ ಶಿಕ್ಷೆ ಆದದ್ದು ಒಪ್ಪಿಕೊಂಡವಳೊಬ್ಬಳಿಗೇ. ನಿಮ್ಮಲ್ಲಿ ಎಷ್ಟು ಜನ ಮನೆ ಬಾಡಿಗೆಗೆ ಕೊಟ್ಟಿದ್ದೀರಿ? ಕೆಳಗಿನವರು ಗುಂಡಿ ಬೇಕೆಂದು ಎಷ್ಟು ಸಲ ಮೆಟ್ಟಿಲು ಹತ್ತಿ ಬಂದರು, ನೀವು ಏನೆಂದು ಕಳಿಸಿದಿರಿ? ಇವತ್ತೇ ಕೆಳಗಿಳಿದು ಹೋಗಿ. ಎಲ್ಲಿ ತೋಡಬೇಕು ಎಂದು ಅವರನ್ನು ಕೇಳಿ. ಅವರು ತೋರಿಸಿದ ಜಾಗದಲ್ಲಿ, ಅದು ನಿಮಗೆ ಎಷ್ಟೇ ಇಷ್ಟದ ಜಾಗವಾದರೂ ಸರಿ, ಈ ವಾರ ಮುಗಿಯುವುದರೊಳಗೆ ತೋಡಿಸಿ ಕೊಡಿ.