ಸಾಹುಕಾರರ ಗಾಡಿಯ ಕಂಪ್ಯೂಟರ್ ಕೆಟ್ಟದ್ದು

ಹೊಸ ಹೊಗೆ ನಿಯಮದ ಬಿಎಸ್-6 ಗಾಡಿಗಳು ನಮ್ಮ ಕಡೆಯ ರಸ್ತೆಗೆ ಇಳಿಯಲು ಶುರುವಾದ ವರ್ಷ ಅದು. ಶಹಾಪುರದಲ್ಲಿ ಸುರಪುರ ರಸ್ತೆಯ ಮೇಲೆ ನಾನು ಸ್ವಂತ ಗ್ಯಾರೇಜು ಹಾಕಿ ಆರು ವರ್ಷವಾಗಿತ್ತು. ಅದಕ್ಕೂ ಮೊದಲು ಹನ್ನೊಂದು ವರ್ಷ ಹೈದರಾಬಾದಿನ ಒಂದು ಸರ್ವಿಸ್ ಸೆಂಟರಿನಲ್ಲಿ ಗಾಡಿಗಳ ವೈರಿಂಗ್ ಕೆಲಸ ಮಾಡಿದ್ದೆ. ಯಾದಗಿರಿ, ಶಹಾಪುರ, ಸುರಪುರ ಮೂರೂ ಊರು ಸೇರಿಸಿದರೂ ಒಳ್ಳೆಯ ಸ್ಕ್ಯಾನರ್ ಇದ್ದದ್ದು ನನ್ನ ಹತ್ತಿರ ಮಾತ್ರ. ಜನ ನನ್ನನ್ನು ಈರಣ್ಣ ಎಂದು ಕರೆಯುವುದನ್ನು ಬಿಟ್ಟು ಡಾಕ್ಟರ್ ಎಂದು ಕರೆಯುತ್ತಿದ್ದರು. ನನಗೂ ಅದು ತಲೆಗೇರಿತ್ತು, ಇಲ್ಲ ಅನ್ನುವುದಿಲ್ಲ.

ಓದುವವರಿಗೆ ಒಂದು ಮಾತು ತಿಳಿಸಿ ಮುಂದೆ ಹೋಗುತ್ತೇನೆ. ಇವತ್ತಿನ ಗಾಡಿಯ ಎಂಜಿನ್ನನ್ನು ನಡೆಸುವುದು ಇಸಿಯು ಎಂಬ ಒಂದು ಕಂಪ್ಯೂಟರ್. ಅಲ್ಯೂಮಿನಿಯಂ ಡಬ್ಬಿ, ಗಾತ್ರದಲ್ಲಿ ಒಂದು ಟಿಫಿನ್ ಬಾಕ್ಸಿನಷ್ಟು. ಎಷ್ಟು ಡೀಸೆಲ್ ಬಿಡಬೇಕು, ಯಾವ ಗಳಿಗೆಯಲ್ಲಿ ಬಿಡಬೇಕು ಎಂದು ಇಂಜೆಕ್ಟರುಗಳಿಗೆ ಹೇಳುವುದು ಅದೇ. ಎಂಜಿನ್ನಿನ ಸುದ್ದಿ ತರುವ ಸೆನ್ಸರ್‌ಗಳಿಗೆ ಐದು ವೋಲ್ಟ್ ಕರೆಂಟ್ ಕೊಟ್ಟು ಸಾಕುವುದೂ ಅದೇ. ಆ ಐದು ವೋಲ್ಟ್ ಕುಸಿದರೆ ಸೆನ್ಸರ್‌ಗಳೆಲ್ಲ ಒಟ್ಟಿಗೆ ಬಡಬಡಿಸುತ್ತವೆ, ಎಂಜಿನ್ ನಿಂತುಬಿಡುತ್ತದೆ.

ಚನ್ನಬಸಪ್ಪ ಸಾಹುಕಾರರದು ಶಹಾಪುರದಲ್ಲಿ ತೊಗರಿ ಬೇಳೆ ಮಿಲ್ಲು. ಲಾರಿ, ಟ್ರ್ಯಾಕ್ಟರ್, ಕಾರು ಎಲ್ಲ ಸೇರಿ ಒಂಬತ್ತು ಗಾಡಿ, ಒಂಬತ್ತೂ ನನ್ನ ಗ್ಯಾರೇಜಿಗೇ ಬರುತ್ತಿದ್ದವು. ಮನೆಮಂದಿ ಓಡಾಡಲು ಒಂದು ಹೊಸ ಡೀಸೆಲ್ ಗಾಡಿ ತಂದಿದ್ದರು, ಏಳು ಸೀಟಿನದು. ಅದರ ಡ್ರೈವರ್ ಸಾಬಣ್ಣ, ಸುರಪುರ ಕಡೆಯವನು. ಹದಿನಾಲ್ಕು ವರ್ಷದಿಂದ ಅವರ ಹತ್ತಿರವೇ ಇದ್ದ. ಮಿಲ್ಲಿನ ಕಾಂಪೌಂಡಿನೊಳಗೆ ಒಂದು ಖೋಲಿ ಕೊಟ್ಟಿದ್ದರು. ಹೆಂಡತಿ, ಇಬ್ಬರು ಮಕ್ಕಳು ಅಲ್ಲೇ ಇದ್ದರು, ಮಕ್ಕಳ ಶಾಲೆ ಎದುರಿಗೇ. ಅವನ ನೌಕರಿ ಹೋದರೆ ಮನೆ, ಶಾಲೆ ಎಲ್ಲ ಒಂದೇ ದಿನ ಹೋಗುವಂತಿತ್ತು. ಸಾಹುಕಾರರು ಬಿಡಿಸಿದ ಡ್ರೈವರನ್ನು ಶಹಾಪುರದಲ್ಲಿ ಇನ್ನೊಬ್ಬರು ಇಟ್ಟುಕೊಳ್ಳುವ ಮಾತೂ ಇರಲಿಲ್ಲ.

ಗಾಡಿ ತಂದು ಹತ್ತು ತಿಂಗಳಾಗಿರಬೇಕು, ಯಾದಗಿರಿಗೆ ಹೋಗುವಾಗ ಭೀಮಾ ಸೇತುವೆಯ ಮೇಲೆ ನಿಂತಿತು. ಅರ್ಧ ತಾಸು ತಣ್ಣಗಾದ ಮೇಲೆ ತಾನೇ ಸ್ಟಾರ್ಟ್ ಆಯಿತು. ನಾನು ಸ್ಕ್ಯಾನರ್ ಹಚ್ಚಿ ನೋಡಿದೆ. ಎಂಜಿನ್ನಿನ ತಿರುಗುವಿಕೆ ಅಳೆಯುವ ಕ್ರ್ಯಾಂಕ್ ಸೆನ್ಸರಿನ ಕೋಡ್ ತೋರಿಸಿತು. ಮುಂದೆ ಏನೂ ಅಳೆಯದೆ ಸೆನ್ಸರ್ ಬದಲಿಸಿ ಕಳಿಸಿದೆ. ಹನ್ನೆರಡು ದಿನಕ್ಕೆ ಗಾಡಿ ಮತ್ತೆ ನಿಂತಿತು. ಸಾಬಣ್ಣ ಅದನ್ನು ಎಳೆಸಿಕೊಂಡು ಬಂದು, ನಾಲ್ಕು ಜನ ಗಿರಾಕಿಗಳ ಎದುರಿಗೆ ಹೇಳಿದ: "ಹೊಟ್ಟಿ ನೋಯಾಕತ್ತದ ಅಂತ ಹೋದ್ರ ನಮ್ಮ ಡಾಕ್ಟರ್ ಸಾಹೇಬ್ರು ಕಾಲ ಕೊಯ್ತಾರ್ರಿ."

ಎಲ್ಲರೂ ನಕ್ಕರು. ನಾನೂ ನಕ್ಕೆ. ಆದರೆ ಆ ಮಾತು ನನಗೆ ನಾಟಿತು. ಇಂಥವನ್ನು ನಾನು ಮರೆಯುವವನಲ್ಲ.

ಮೂರನೆಯ ಸಲ ಗಾಡಿ ನಿಂತದ್ದು ತಿಂಥಣಿ ಸೇತುವೆಯ ಮೇಲೆ. ಒಳಗೆ ಸಾಹುಕಾರರ ಹೆಂಡತಿ, ಸೊಸೆ, ಸೊಸೆಯ ತವರಿನವರು. ಬಿರುಬಿಸಿಲಿನಲ್ಲಿ ಬೀಗರು ಸೇತುವೆಯ ಮೇಲೆ ನಿಂತು ಲಾರಿಗಳಿಗೆ ಕೈ ಮಾಡಬೇಕಾಯಿತು. ಮರುದಿನ ಗಾಡಿಯ ಜೊತೆಗೆ ಸಾಹುಕಾರರೇ ಗ್ಯಾರೇಜಿಗೆ ಬಂದರು. ಅವರು ಎಂದೂ ದನಿ ಎತ್ತಿ ಮಾತಾಡುವವರಲ್ಲ. "ಈರಣ್ಣ, ಇದು ಯಾರ ತಪ್ಪಿನಿಂದ ಆಗಾಕತ್ತದ, ನನಗ ಇವತ್ತ ಗೊತ್ತಾಗಬೇಕು" ಎಂದು ಹೇಳಿ ಕುರ್ಚಿ ಹಾಕಿಸಿಕೊಂಡು ಬೇವಿನ ಮರದ ಕೆಳಗೆ ಕೂತರು.

ಈ ಸಲ ಕ್ರಮ ತಪ್ಪಲಿಲ್ಲ. ಬ್ಯಾಟರಿ ನೋಡಿದೆ, 12.6 ವೋಲ್ಟ್ ಸರಿಯಾಗಿತ್ತು. ಇಸಿಯುಗೆ ಹೋಗುವ ಪವರ್, ಅರ್ಥಿಂಗ್ ಎರಡೂ ಸರಿ. ಸೆನ್ಸರ್‌ಗಳಿಗೆ ಬರಬೇಕಾದ ಐದು ವೋಲ್ಟ್ ಮಾತ್ರ 3.1ಕ್ಕೆ ಇಳಿದಿತ್ತು. ಯಾವುದೋ ಸೆನ್ಸರ್ ಒಳಗೇ ಸುಟ್ಟು ವೋಲ್ಟೇಜನ್ನು ಎಳೆಯುತ್ತಿರಬಹುದು ಎಂದು ಒಂದೊಂದೇ ಸೆನ್ಸರಿನ ಪ್ಲಗ್ ಕಿತ್ತೆ. 3.1 ಕದಲಲಿಲ್ಲ. ಅಂದರೆ ದೋಷ ಇಸಿಯು ಬುಡದಲ್ಲೇ ಇದೆ. ಆ ಗಾಡಿಯಲ್ಲಿ ಇಸಿಯು ಬಾನೆಟ್ಟಿನ ಕೆಳಗೆ, ಬ್ಯಾಟರಿಯ ಪಕ್ಕದಲ್ಲಿ, ಕನೆಕ್ಟರಿನ ಬಾಯಿ ಮೇಲಕ್ಕೆ ಮಾಡಿಕೊಂಡು ಕೂತಿರುತ್ತದೆ. ಲಾಕ್ ಬಿಚ್ಚಿ ಕನೆಕ್ಟರ್ ಎಳೆದೆ.

ಪಿನ್ನುಗಳ ಸುತ್ತ ಹಸಿರು ಕಿಲುಬು. ಅದರ ಮೇಲೆ ಬೆಲ್ಲದ ಪಾಕದಂತೆ ಅಂಟಂಟಾದ ಒಂದು ಪದರ. ಆ ಅಂಟಿನಲ್ಲಿ ಸತ್ತ ಕೆಂಪಿರುವೆಗಳು, ಎರಡು ಎಳೆ ತೆಂಗಿನ ನಾರು, ರಬ್ಬರಿನ ಅಂಚಿಗೆ ಕುಂಕುಮ.

ನೋಡಿದ ತಕ್ಷಣ ತಿಳಿಯಿತು. ನಮ್ಮ ಕಡೆ ವ್ಯಾಪಾರಸ್ಥರು ಅಮಾವಾಸ್ಯೆಗೊಮ್ಮೆ ಗಾಡಿ ಪೂಜೆ ಮಾಡುತ್ತಾರೆ. ಬಹಳ ಜನ ಗಾಡಿಯ ಮುಂದೆ ನೆಲಕ್ಕೆ ಕಾಯಿ ಒಡೆಯುತ್ತಾರೆ. ಚನ್ನಬಸಪ್ಪ ಸಾಹುಕಾರರ ರೂಢಿ ಬೇರೆ. ಬಾನೆಟ್ ಎತ್ತಿಸಿ, ಕಾಯಿ ಒಡೆದು, ಎರಡೂ ಹೋಳಿನ ನೀರನ್ನು ತಮ್ಮ ಕೈಯಾರೆ ಎಂಜಿನ್ನಿನ ಮೇಲೆ ಸುರಿಯುತ್ತಿದ್ದರು. ಹಳೆಯ ಗಾಡಿಗಳಲ್ಲಿ ಅಲ್ಲಿ ಬರೀ ಕಬ್ಬಿಣ ಇರುತ್ತಿದ್ದುದರಿಂದ ಏನೂ ಆಗುತ್ತಿರಲಿಲ್ಲ. ಒಂದು ಅಮಾವಾಸ್ಯೆಗೆ ನಾನೂ ಮಿಲ್ಲಿನಲ್ಲಿದ್ದೆ, ಆ ಕಾಯಿಯ ಹೋಳನ್ನು ತಿಂದಿದ್ದೆ. ತೆಂಗಿನ ನೀರಿನಲ್ಲಿ ಉಪ್ಪಿನಂಶವೂ ಇದೆ, ಸಕ್ಕರೆಯೂ ಇದೆ. ಒಂದು ಪಿನ್ನಿನ ಕರೆಂಟು ಇನ್ನೊಂದಕ್ಕೆ ಹರಿಯಲು ಅಷ್ಟು ಸಾಕು. ಹತ್ತು ಅಮಾವಾಸ್ಯೆಯ ನೀರು ಒಳಗಿನ ಬೋರ್ಡನ್ನೂ ತಿಂದು ಹಾಕಿತ್ತು.

ನನ್ನ ಎದುರಿಗೆ ಎರಡು ದಾರಿ ಇದ್ದವು. ಸಾಹುಕಾರರನ್ನು ಕರೆದು ಆ ನಾರನ್ನು ತೋರಿಸಬಹುದಿತ್ತು, ಇಲ್ಲವೇ ಒರೆಸಿ ಮುಚ್ಚಿಹಾಕಬಹುದಿತ್ತು. ತೋರಿಸಿದರೆ, ನಿಮ್ಮ ಪೂಜೆಯಿಂದಲೇ ಗಾಡಿ ಸತ್ತಿತು ಎಂದು ಅವರ ಮುಖದ ಮೇಲೆ ಹೇಳಿದಂತೆ. ಒಂಬತ್ತು ಗಾಡಿಗಳೂ ಕಣ್ಣ ಮುಂದೆ ಬಂದವು. ಆದರೆ ಅದೊಂದೇ ಕಾರಣ ಎಂದರೆ ನಾನು ಇನ್ನೊಂದು ಸುಳ್ಳು ಹೇಳಿದಂತಾಗುತ್ತದೆ. ಸಾಬಣ್ಣ ಪಕ್ಕದಲ್ಲೇ ನಿಂತು, "ಈ ಸಲ ಕಾಲ ಬಿಟ್ಟು ಹೊಟ್ಟಿ ನೋಡಾಕತ್ತೀರಲ್ರಿ, ಚಲೋ ಆತು" ಅಂದಿದ್ದ. ಅವನು ನೀರು ಕುಡಿಯಲು ಆಚೆ ಹೋದಾಗ ನಾರು, ಇರುವೆ ಎರಡನ್ನೂ ಕಡ್ಡಿಯಿಂದ ಎತ್ತಿ ಬಿಸಾಡಿದೆ. ಕ್ಲೀನರ್ ಸ್ಪ್ರೇ ಹೊಡೆದು ಅಂಟು, ಕುಂಕುಮ ಎಲ್ಲ ಒರೆಸಿದೆ. ಹಸಿರು ಕಿಲುಬನ್ನು ಮಾತ್ರ ಹಾಗೇ ಬಿಟ್ಟು ಸಾಹುಕಾರರನ್ನು ಕರೆದೆ.

"ನೀರು ಹೋಗ್ಯಾದ್ರಿ. ಕಂಪ್ಯೂಟರ್ ಹೋತು. ಹೊಸದು ಹಾಕಬೇಕು" ಎಂದೆ.

ಸಾಹುಕಾರರು ಸಾಬಣ್ಣನ ಕಡೆ ತಿರುಗಿದರು. "ಎಂಜಿನ್ ತೊಳದಿಯೇನು?"

"ಇಲ್ರಿ ಯಪ್ಪಾ. ಮ್ಯಾಲ ಬಾಡಿ ತೊಳೀತೀನಿ, ಒಳಗ ಒಣ ಅರಿವಿಲೇ ಒರಸ್ತೀನಿ. ಎಂಜಿನ್‌ಗ ಒಂದ್ ಹನಿ ಹಾಕಿಲ್ರಿ." ಅವನು ಸ್ವಲ್ಪ ಹೊತ್ತು ಕನೆಕ್ಟರನ್ನೇ ನೋಡಿದ. ಆಮೇಲೆ ಮೆತ್ತಗೆ, "ಅಮಾಸಿಗಿ ಕಾಯಿ ನೀರು ಬೀಳತದಲ್ರಿ ಅಲ್ಲಿ..." ಎಂದ.

ಸಾಹುಕಾರರ ಮುಖ ಕಪ್ಪಿಟ್ಟಿತು. "ದೇವರ ನೀರಿಗಿ ಹೆಸರಿಡ್ತಿ?" ಎಂದವರು ನನ್ನನ್ನು ಕೇಳಿದರು: "ಈರಣ್ಣ, ಕಾಯಿ ನೀರಿಂದ ಹಿಂಗ ಆಗತದೇನು?"

ಸಾಬಣ್ಣ ನನ್ನನ್ನೇ ನೋಡುತ್ತಿದ್ದ. ಚುಡಾಯಿಸುವ ನಗೆ ಅವನ ಮುಖದಲ್ಲಿ ಇರಲಿಲ್ಲ. ನಾನು ಎಷ್ಟಾದರೂ ಕಸುಬುದಾರ, ಖರೇ ಹೇಳುತ್ತೇನೆ ಎಂದೇ ಅವನು ನಂಬಿದ್ದ.

"ಕಾಯಿ ನೀರಿಂದ ಏನೂ ಆಗಂಗಿಲ್ರಿ" ಎಂದೆ. "ಇದು ಪೈಪ್ ಹಚ್ಚಿ ತೊಳದ ನೀರು."

"ನನಗ ರೊಕ್ಕದ ಮಾತಿಲ್ಲ" ಎಂದರು ಸಾಹುಕಾರರು. "ತಪ್ಪು ಒಪ್ಪಿಕೊಂಡಿದ್ರ ಇಟ್ಕೋತಿದ್ದೆ. ದೇವರ ಮ್ಯಾಲ ಹಾಕಿದಿ. ಸಂಜಿಯೊಳಗ ಖೋಲಿ ಖಾಲಿ ಆಗಬೇಕು." ಅವನ ಕೈಯಿಂದ ಕೀ ಇಸಿದುಕೊಂಡು ನನ್ನ ಟೇಬಲ್ಲಿನ ಮೇಲೆ ಇಟ್ಟು ಹೊರಟರು. ಸಾಬಣ್ಣ ಅವರ ಹಿಂದೆ ಗೇಟಿನ ತನಕ ಓಡಿದ. ಅವರು ತಿರುಗಿ ನೋಡಲಿಲ್ಲ. ಆ ಹೊತ್ತಿಗೆ ನನಗೆ ಹಿತವೆನಿಸಿತು, ಸುಳ್ಳು ಏಕೆ ಹೇಳಲಿ?

ಹೊಸ ಇಸಿಯು ಹೈದರಾಬಾದಿನಿಂದ ಬರಲು ಎಂಟು ದಿನ ಹಿಡಿಯಿತು. ಡಬ್ಬಿ ಕೂರಿಸಿದರೆ ಮುಗಿಯುವ ಕೆಲಸವಲ್ಲ ಇದು. ಗಾಡಿಯ ಚಾಸಿ ನಂಬರ್ ಅದರೊಳಗೆ ಬರೆಯಬೇಕು. ನಾಲ್ಕು ಇಂಜೆಕ್ಟರುಗಳ ನೆತ್ತಿಯ ಮೇಲೆ ಒಂದೊಂದು ಕೋಡ್ ಇರುತ್ತದೆ, ಅದನ್ನು ಅಕ್ಷರ ತಪ್ಪದಂತೆ ತುಂಬಬೇಕು. ಕೊನೆಗೆ ಅದಕ್ಕೆ ಗಾಡಿಯ ಕೀಗಳ ಪರಿಚಯ ಮಾಡಿಸಬೇಕು. ಇದ್ದ ಕೀಗಳೆಲ್ಲ ಒಟ್ಟಿಗೆ ಹಾಜರಿರಬೇಕು, ಹಾಜರಿಲ್ಲದ ಕೀಲಿಯಿಂದ ಮುಂದೆ ಗಾಡಿ ಸ್ಟಾರ್ಟ್ ಆಗುವುದಿಲ್ಲ. ಎರಡನೆಯ ಕೀ ಸಾಬಣ್ಣನ ಹತ್ತಿರ ಉಳಿದಿತ್ತು. ಹೇಳಿಕಳಿಸಿದೆ. ಸುರಪುರದಿಂದ ಬಸ್ಸಿನಲ್ಲಿ ಬಂದ, ಟವೆಲ್ಲಿನ ತುದಿಯ ಗಂಟು ಬಿಚ್ಚಿ ಕೀ ತೆಗೆದ.

"ಒಮ್ಮಿ ನಾನ ಸ್ಟಾರ್ಟ್ ಮಾಡ್ಲೇನ್ರಿ?"

"ಅಲ್ಲೇ ಟೇಬಲ್ ಮ್ಯಾಲ ಇಟ್ಟು ಹೋಗು" ಎಂದೆ.

ಇಸಿಯು ಬದಲಿಸುವವರಿಗೆ ಒಂದು ಕಟ್ಟುನಿಟ್ಟಿನ ನಿಯಮವಿದೆ: ಹಳೆಯದು ಏಕೆ ಸತ್ತಿತು ಎಂದು ತಿಳಿದು, ಆ ಕಾರಣವನ್ನು ನಿಲ್ಲಿಸಿಯೇ ಹೊಸದು ಹಾಕಬೇಕು. ಅದನ್ನು ನಾನು ಚಾಚೂ ತಪ್ಪದೆ ಪಾಲಿಸಿದೆ. ದಪ್ಪ ರಬ್ಬರ್ ಶೀಟು ಕತ್ತರಿಸಿ, ಕನೆಕ್ಟರಿನ ಮೇಲೆ ಇಳಿಜಾರಾಗಿ ಕೂರುವ ಹಾಗೆ ಒಂದು ಮುಚ್ಚಳ ಮಾಡಿ ಬಿಗಿದೆ. "ಮಳಿಗಾಲಕ್ಕ ಇರಲಿ ಅಂತ್ರಿ" ಎಂದು ಸಾಹುಕಾರರಿಗೆ ಹೇಳಿದೆ. ಅಂಥ ಅಚ್ಚುಕಟ್ಟಾದ ಕೆಲಸ ನಾನು ಬೇರೆ ಯಾವ ಗಾಡಿಗೂ ಮಾಡಿಲ್ಲ.

ಅದೇ ಮುಚ್ಚಳ ಸಾಬಣ್ಣನಿಗೆ ಮುಳುವಾಯಿತು. ಸಾಹುಕಾರರು ಪ್ರತಿ ಅಮಾವಾಸ್ಯೆಗೂ ಎಂಜಿನ್ನಿನ ಮೇಲೆ ಕಾಯಿ ನೀರು ಸುರಿಯುತ್ತಲೇ ಇದ್ದರು, ಅದು ರಬ್ಬರಿನ ಮೇಲೆ ಜಾರಿ ಕೆಳಗೆ ಹೋಗುತ್ತಿತ್ತು. ಗಾಡಿ ಒಂದು ಸಲವೂ ನಿಲ್ಲಲಿಲ್ಲ. "ಸಾಬಣ್ಣ ಹೋದ ಮ್ಯಾಲ ಗಾಡಿ ಹೆಂಗ ನಡದಾದ ನೋಡ್ರಿ" ಎಂದು ಅವರು ಬಂದವರಿಗೆಲ್ಲ ಹೇಳುತ್ತಿದ್ದರು. ಮೊದಲು ಸಂಶಯಪಟ್ಟಿದ್ದ ಮಿಲ್ಲಿನ ಜನವೂ ಹೌದು ಹೌದು ಅನ್ನತೊಡಗಿದರು.

ಎರಡು ವರ್ಷದ ಮೇಲೆ ಒಂದು ಮಧ್ಯಾಹ್ನ ಸಾಬಣ್ಣ ಗ್ಯಾರೇಜಿಗೆ ಬಂದ. ಗುರುಮಠಕಲ್ ಕಡೆ ಕಲ್ಲಿನ ಕ್ವಾರಿಯಲ್ಲಿ ಟ್ರಾಲಿಗೆ ಕಲ್ಲು ತುಂಬುತ್ತಿದ್ದನಂತೆ. ಅಂಗೈ ಒಡೆದು ಸೀಳಿತ್ತು. ಹೆಂಡತಿ, ಮಕ್ಕಳು ಸುರಪುರದ ಹತ್ತಿರ ಅವಳ ತವರಿನಲ್ಲಿ ಇದ್ದರು. ಈಗ ಗುರುಮಠಕಲ್ಲಿನ ಒಬ್ಬರು ಅವನಿಗೆ ತಮ್ಮ ಜೀಪಿನ ಡ್ರೈವರ್ ಕೆಲಸ ಕೊಡಲು ಒಪ್ಪಿದ್ದರು.

"ಅದಕ್ಕೂ ಕಂಪ್ಯೂಟರ್ ಅದ ಅಂತ್ರಿ. ಎಲ್ಲಿ ನೀರು ಬೀಳಬಾರದು ಜರಾ ತೋರಸ್ರಿ. ಮತ್ತ ತಪ್ಪ ಮಾಡಬಾರದಲ್ರಿ."

"ಮತ್ತ?" ಎಂದೆ.

"ಅವತ್ತ ನಾ ಹಾಕಿಲ್ಲ ಅಂತ ಜಿದ್ದ ಮಾಡಿದೆ. ಆಮ್ಯಾಲ ಹೆಂಡತಿ ದಿನಾ ಕೇಳಾಕತ್ತಳ್ರಿ, ಖರೇ ಹೇಳು, ಪೈಪ್ ಹಚ್ಚಿದ್ದಿ ಅಲ್ಲ ಅಂತ. ಕೇಳಿ ಕೇಳಿ ನನಗೂ ಹಂಗ ಅನಸಾಕತ್ತದ. ರೇಡಿಯೇಟರ್‌ಗ ಹಾಕುವಾಗ ಚೆಲ್ಲಿತ್ತೋ ಏನೋ. ಮಶೀನ್ ಹಚ್ಚಿ ನೋಡಿದವರು ನೀವು, ನೀವು ಹೇಳಿದ್ದು ಸುಳ್ಳ ಹೆಂಗ ಆಗತದ?"

ರಿಪೇರಿಗೆ ಬಂದಿದ್ದ ಒಂದು ಜೀಪಿನ ಬಾನೆಟ್ ಎತ್ತಿ ತೋರಿಸಿದೆ. ಇಲ್ಲಿ ಇಸಿಯು, ಇಲ್ಲಿ ಕನೆಕ್ಟರ್, ಇಲ್ಲಿ ಒದ್ದೆ ಬಟ್ಟೆಯೂ ತಾಗಬಾರದು. ತಲೆ ಅಲ್ಲಾಡಿಸುತ್ತ ಕೇಳಿದ. ಕೊನೆಗೆ ಅಂದ: "ಅಮಾಸಿ ಕಾಯಿ ನೀರು ಹಾಕಿದ್ರ ನಡೀತದ್ರಿ ಅಲ್ಲ? ಅದರಿಂದ ಏನೂ ಆಗಂಗಿಲ್ಲ ಅಂತ ನೀವ ಹೇಳಿದ್ರಿ."

ನಡೆಯುತ್ತದೆ ಎಂದರೆ ಈ ಜೀಪೂ ಒಂದು ದಿನ ನಿಲ್ಲುತ್ತದೆ, ಇದೂ ಅವನ ತಲೆಗೇ ಬರುತ್ತದೆ. ಬಹಳ ಹೊತ್ತು ಕೈಯಲ್ಲಿದ್ದ ಬಟ್ಟೆಯಿಂದ ಸುಮ್ಮನೆ ಬ್ಯಾಟರಿ ಒರೆಸಿದೆ. "ಹಾಕಬ್ಯಾಡ" ಎಂದೆ. "ಅವತ್ತೂ ಕಾಯಿ ನೀರೇ ಇತ್ತು. ನಾರು ಸಿಕ್ಕಿತ್ತು. ನಾನ ಒರಸಿ ಒಗದೆ."

ಅವನು ಬೈಯುತ್ತಾನೆ, ಹೊಡೆಯುತ್ತಾನೆ ಎಂದುಕೊಂಡೆ. ಹೊಡೆದಿದ್ದರೆ ಪಾರಾಗುತ್ತಿದ್ದೆ. ಅವನು ಜೇಬಿನಿಂದ ಫೋನ್ ತೆಗೆದು ಹೆಂಡತಿಗೆ ಹಚ್ಚಿ, ಸ್ಪೀಕರ್ ಹಾಕಿ ನನ್ನ ಮುಂದೆ ಹಿಡಿದ. "ಅಕಿಗಿ ಹೇಳ್ರಿ. ಸಾಹುಕಾರ್ರಿಗಿ ಹೇಳೂದು ಬ್ಯಾಡ, ಅಕಿ ಒಬ್ಬಾಕಿಗಿ ಹೇಳ್ರಿ."

ಹೇಳಿದೆ. ಗಾಡಿ ಕೆಟ್ಟದ್ದು ನಿನ್ನ ಗಂಡನಿಂದ ಅಲ್ಲ, ಅವನು ನೀರು ಹಾಕಿರಲಿಲ್ಲ, ನಾನು ಸುಳ್ಳು ಹೇಳಿದ್ದೆ ಎಂದು ಬಿಡಿಸಿ ಬಿಡಿಸಿ ಹೇಳಿದೆ.

"ನೀವು ದೊಡ್ಡ ಮನಸ್ಸಿನವರ್ರಿ" ಎಂದಳು ಅವಳು. "ಅವನ ಮರ್ಯಾದಿ ಉಳಸಾಕ ಹಿಂಗ ಹೇಳಾಕತ್ತೀರಿ. ಅವನೇ ಬಂದು ಕೈ ಮುಗದಿರಬೇಕು. ಇರಲಿ ಬಿಡ್ರಿ. ಅವತ್ತ ಗಾಡಿ ಬಿಚ್ಚಿದಾಗ ಏನು ಹೇಳಿದ್ರಿ, ಅದ ಖರೇ."

ಸಾಬಣ್ಣ ಫೋನ್ ಜೇಬಿಗೆ ಹಾಕಿಕೊಂಡ. ನನ್ನ ಕಡೆ ನೋಡದೆ ಬಸ್ ಸ್ಟ್ಯಾಂಡಿನ ದಾರಿ ಹಿಡಿದ. ಆ ಜೀಪು ಅವನಿಗೆ ಸಿಕ್ಕಿತೋ ಇಲ್ಲವೋ ನನಗೆ ಗೊತ್ತಿಲ್ಲ.

ಈಗ ಯಾವ ಗಾಡಿ ಬಿಚ್ಚಿದರೂ ಮಾಲೀಕ, ಡ್ರೈವರ್ ಇಬ್ಬರನ್ನೂ ಪಕ್ಕದಲ್ಲಿ ನಿಲ್ಲಿಸಿಕೊಳ್ಳುತ್ತೇನೆ. ಒಳಗೆ ಕಂಡದ್ದನ್ನು ಒರೆಸುವ ಮೊದಲೇ ಇಬ್ಬರಿಗೂ ತೋರಿಸಿ ಹೇಳುತ್ತೇನೆ. ಕಂಡ ದಿನವೇ ಹೇಳದ ಸತ್ಯವನ್ನು ಎರಡು ವರ್ಷ ಬಿಟ್ಟು ಹೇಳಿದರೆ ಯಾರೂ ಕೊಳ್ಳುವುದಿಲ್ಲ ಎಂಬುದನ್ನು ಈ ಕೆಲಸ ನನಗೆ ಹೀಗೆ ಕಲಿಸಿತು. ಸಾಹುಕಾರರಿಗೆ ಮಾತ್ರ ಇನ್ನೂ ಹೇಳಿಲ್ಲ. ಅವರ ಒಂಬತ್ತು ಗಾಡಿಗಳೂ ಇವತ್ತಿಗೂ ನನ್ನ ಹತ್ತಿರವೇ ಬರುತ್ತವೆ. ಹೇಳಿದರೂ ಅವರು ನಂಬುವುದಿಲ್ಲ ಎಂದು ನನಗೆ ನಾನೇ ಸಮಾಧಾನ ಹೇಳಿಕೊಳ್ಳುತ್ತೇನೆ. ಆದರೆ ನನಗಿರುವ ಹೆದರಿಕೆ ಅವರು ನಂಬಿಬಿಟ್ಟಾರು ಎಂಬುದೇ.