ಅಜ್ಜಿಯ ಬದಲು ನನ್ನ ತಪಾಸಣೆ

ನಾನು ಸನವಳ್ಳಿಯ ಆಶಾ ಕಾರ್ಯಕರ್ತೆ. ಬಾಣಂತಿಯರ ಆರೈಕೆಯ ಜೊತೆ ಇನ್ನು ಜನರ ಮನಸ್ಸಿನ ಆರೋಗ್ಯವನ್ನೂ ವಿಚಾರಿಸಬೇಕು ಎಂದು ಮೇಲಿನವರು ನನ್ನ ಮೊಬೈಲಿಗೆ ಪ್ರಶ್ನೆಗಳಿರುವ ಒಂದು ಆಪ್ ಹಾಕಿಕೊಟ್ಟರು. ಮೊದಲು ಹೋದದ್ದು ಸಕ್ಕರೆ ಕಾಯಿಲೆಯ ಅಜ್ಜಿಯೊಬ್ಬಳ ಮನೆಗೆ. ಅವಳು ಮೆಣಸಿನಕಾಯಿ ತೊಟ್ಟು ಬಿಡಿಸುತ್ತಿದ್ದಳು.

"ಅಜ್ಜಿ, ಯಾವುದರಾಗೂ ಆಸಕ್ತಿ ಇಲ್ಲ ಅನಸ್ತೈತೇನಬೇ?" ಎಂದು ಓದಿದೆ.

"ಸೊಸಿ ಮಾಡೂ ಪಲ್ಯಾದಾಗ ಆಸಕ್ತಿ ಹೋಗಿ ಹತ್ತು ವರ್ಷ ಆತು. ಬರಕೋ!"

ಒಳಗೆ ಪಾತ್ರೆಯೊಂದು ದಡ್ಡನೆ ಬಿತ್ತು.

"ನಿದ್ದಿ ಬರ್ತೈತೇನು?"

"ನನಗ ಬರ್ತೈತಿ. ನಿನಗ?" ಎಂದು ಅಜ್ಜಿ ನನ್ನ ಮುಖವನ್ನೇ ನೋಡಿದಳು.

ತಮಾಷೆಗೆಂದು ನನ್ನ ಉತ್ತರಗಳನ್ನೇ ಒತ್ತುತ್ತ ಹೋದೆ. ಅವ್ವ ತೀರಿಕೊಂಡ ಮೇಲೆ ನನಗೆ ನಿದ್ದೆಯಿರಲಿಲ್ಲ, ಊಟ ಸೇರುತ್ತಿರಲಿಲ್ಲ. ಯಾರೂ ಕೇಳಿರಲಿಲ್ಲ, ನಾನೂ ಹೇಳಿರಲಿಲ್ಲ. ಪರದೆ ಕೆಂಪಾಗಿ, 'ವೈದ್ಯರಿಗೆ ತೋರಿಸಿ' ಎಂದಿತು. ಅದು ನನ್ನದೇ ಫಲಿತಾಂಶ ಎಂದು ಅಜ್ಜಿಗೆ ಓದಿ ಹೇಳಿದೆ.

ಅಜ್ಜಿ ಸೆರಗು ಕೊಡವಿ ಎದ್ದಳು. "ಹೋಗೂಣು ನಡಿ."

ಆರೋಗ್ಯ ಕೇಂದ್ರದಲ್ಲಿ ಡಾಕ್ಟರು, "ಪೇಷಂಟ್ ಯಾರು?" ಎಂದು ಕೇಳಿದರು.

"ಈಕೀರಿ, ಸಾಹೇಬ್ರ. ಸುಳ್ಳು ಹೇಳ್ತಾಳ, ಸ್ವಲ್ಪ ಜೋರ್ ಮಾಡಿ ಕೇಳ್ರಿ."

ಡಾಕ್ಟರು ಮೊಬೈಲಿನ ವಿಡಿಯೋ ಕರೆಯಲ್ಲೇ ದೂರದ ಮನೋವೈದ್ಯೆಯೊಬ್ಬರಿಗೆ ನನ್ನನ್ನು ತೋರಿಸಿದರು. ಅವರು ಅವ್ವನ ಬಗ್ಗೆ ಕೇಳಿದ್ದೇ ತಡ, ಗೊಳೋ ಎಂದು ಅತ್ತುಬಿಟ್ಟೆ. ಅಜ್ಜಿ ನನ್ನ ಭುಜ ಹಿಡಿದು, ಇನ್ನೊಂದು ಕೈಯಿಂದ ಫೋನನ್ನು ನೆಟ್ಟಗೆ ಹಿಡಿದಿದ್ದಳು. ಎರಡು ತಿಂಗಳ ಮಾತು, ಮಾತ್ರೆಗಳ ನಂತರ ಹೊಟ್ಟೆತುಂಬ ಉಣ್ಣತೊಡಗಿದೆ.